ಎಡಪಕ್ಕದ ಹೊಲಿಗೆ ಬಿಚ್ಚಿದ ವರ್ಷ

ಲೈನಿಂಗ್ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿಡಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಮೇಲಿನ ರೇಷ್ಮೆ ಸುಕ್ಕಾಗುತ್ತದೆ, ಹೊಲಿಸಿಕೊಂಡವರು ಬೈಯುತ್ತಾರೆ. ಆಷಾಢ ಮುಗಿಯುವ ಹೊತ್ತಿಗೆ ನನ್ನ ಅಂಗಡಿಯ ಹಿಂದಿನ ಬಕೆಟ್ಟುಗಳಲ್ಲಿ ಕೆಂಪು, ಹಸಿರು, ಅರಿಶಿನ ಬಣ್ಣದ ಲೈನಿಂಗುಗಳು ನೆನೆಯುತ್ತಿರುತ್ತವೆ. ಹೊಸ ಬಟ್ಟೆಯ ಗಂಜಿ ನೀರಿಗೆ ಬಿಟ್ಟಾಗ ಹಳೆ ಅನ್ನದ ತಿಳಿಯಂಥ ಒಂದು ವಾಸನೆ ಏಳುತ್ತದೆ. ಎಷ್ಟೋ ವರ್ಷ ಅದು ನನಗೆ ಕೆಲಸ ಬಂತು ಎನ್ನುವ ಸಂತೋಷದ ವಾಸನೆಯಾಗಿತ್ತು. ಈಗ ಅದು ಮೂಗಿಗೆ ಬಡಿದರೆ ಕತ್ತರಿ ಹಿಡಿದ ಕೈ ಒಂದು ಗಳಿಗೆ ನಿಲ್ಲುತ್ತದೆ. ಹೋದ ವರ್ಷಕ್ಕೂ ಹಿಂದಿನ ಆ ಶ್ರಾವಣ ನೆನಪಾಗುತ್ತದೆ. ಆ ಶ್ರಾವಣದಲ್ಲಿ ನನ್ನ ಅಕ್ಕನಿಗೆ ಹೇಳಲೇಬೇಕಿದ್ದ ಒಂದು ಮಾತನ್ನು ನಾನು ಹೇಳಲಿಲ್ಲ.

ನಾನು ಮಾದೇವ, ಮಂಡಿ ಮೊಹಲ್ಲಾದಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಟೈಲರ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸೋದರಮಾವನ ಮಿಷನ್ನಿನ ಮುಂದೆ ಕೂತವನು, ಈಗ ಅದೇ ಅಂಗಡಿ ನನ್ನದಾಗಿದೆ. ಮನೆ ಲಷ್ಕರ್ ಮೊಹಲ್ಲಾದಲ್ಲಿ. ಅಕ್ಕ ರತ್ನ ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು, ನಮ್ಮ ಹಿಂದಿನ ಗಲ್ಲಿಯಲ್ಲೇ ಇದ್ದಾಳೆ. ಭಾವ ಮದುವೆ ಛತ್ರಗಳಲ್ಲಿ ಅಡುಗೆ ಮಾಡುವವರು. ಲಗ್ನದ ದಿನಗಳಲ್ಲಿ ಮನೆಗೆ ಬರುವುದೇ ಅಪರೂಪ. ನನ್ನ ಅಂಗಡಿಯ ಕೈಹೊಲಿಗೆಯೆಲ್ಲ ಅಕ್ಕನದು. ಹುಕ್ಕು ಹಾಕುವುದು, ಅಂಚು ಮಡಿಸಿ ಹೊಲಿಯುವುದು, ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು. ಮಿಷನ್ ತುಳಿಯುವುದು ನಾನಾದರೂ, 'ನೀನು ಬರೀ ಓಡಿಸ್ತೀಯ, ಬ್ರೇಕ್ ಹಾಕೋಳು ನಾನು' ಎಂದು ಅವಳು ನಗುತ್ತಿದ್ದಳು.

ನಮ್ಮಂಥ ಗಂಡಸು ಟೈಲರುಗಳಲ್ಲಿ ಒಂದು ಪದ್ಧತಿಯಿದೆ. ಹೆಂಗಸರ ಮೈಗೆ ಟೇಪು ಹಿಡಿಯುವುದಿಲ್ಲ. ಅವರು ಸರಿಯಾಗಿ ಕೂರುವ ಒಂದು ಹಳೆಯ ಬ್ಲೌಸು ಕೊಡುತ್ತಾರೆ. ಅದನ್ನು ಮೇಜಿನ ಮೇಲೆ ಹರಡಿ ಅಳತೆ ತೆಗೆದುಕೊಳ್ಳುತ್ತೇವೆ. ಅಳತೆ ಬ್ಲೌಸು ಎನ್ನುತ್ತೇವೆ ಅದಕ್ಕೆ. ಯಾರು ದಪ್ಪಗಾದರು, ಯಾರು ಇಳಿದರು, ಯಾರು ಬಸುರಿಯಾದರು ಎಂಬುದು ನನಗೆ ಬಟ್ಟೆಯ ಮೂಲಕ ಗೊತ್ತಾಗುತ್ತಿತ್ತೇ ಹೊರತು ಅವರ ಮುಖವನ್ನು ನಾನು ನೆಟ್ಟಗೆ ನೋಡಿದ್ದು ಕಡಿಮೆ. ಅಕ್ಕನದೂ ಹಾಗೆಯೇ. ಅವಳ ಮದುವೆಯ ಬ್ಲೌಸಿನಿಂದ ಹಿಡಿದು ಎಲ್ಲವನ್ನೂ ನಾನೇ ಹೊಲಿದದ್ದು, ಎಲ್ಲವನ್ನೂ ಅಳತೆ ಬ್ಲೌಸಿನ ಮೇಲೆಯೇ. ಮೈಯ ವಿಷಯ ನಮ್ಮಿಬ್ಬರ ನಡುವೆ ಬರುತ್ತಿದ್ದದ್ದು ಅಷ್ಟರಲ್ಲೇ: 'ತೋಳು ಬಿಗಿ', 'ಕತ್ತು ಒಂಚೂರು ಇಳಿಸು'.

ಆ ವರ್ಷ ಆಷಾಢದ ಕೊನೆಯಲ್ಲಿ ಅಕ್ಕನ ಬೀದಿಯ ಹೆಂಗಸರ ಸಂಘದವರು ಒಂದು ಆಸ್ಪತ್ರೆಯ ಜೊತೆ ಮಾತಾಡಿ, ನಲವತ್ತು ದಾಟಿದವರಿಗೆಲ್ಲ ಎದೆಯ ತಪಾಸಣೆ ಮಾಡಿಸಲು ಹೊರಟರು. ಅಕ್ಕ ಒಲ್ಲೆ ಎಂದಳು. 'ನಂಗೇನಾಗೈತೆ? ಗುಂಡ್ಕಲ್ಲಂಗಿವ್ನಿ' ಎಂದಳು. ಸಂಘದವರು ಬಿಡಲಿಲ್ಲ. ಭಾವ ಛತ್ರದಲ್ಲಿದ್ದರು, ಹಾಗಾಗಿ ನಾನು ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಚಾಮುಂಡಿ ಬೆಟ್ಟದ ಕಡೆ ಮೋಡ ಕವಿದು ಜಿನುಗು ಮಳೆ ಬರುತ್ತಿತ್ತು. ಅಕ್ಕ ಹಿಂದೆ ಕೂತು ಛತ್ರಿಯನ್ನು ನನ್ನ ತಲೆಯ ಮೇಲೆ ಹಿಡಿದಿದ್ದಳು, ಅವಳು ನೆನೆಯುತ್ತಿದ್ದಳು.

ಮ್ಯಾಮೋಗ್ರಾಂ ಮುಗಿಸಿಕೊಂಡು ಹೊರಬಂದವಳು ಬೆಂಚಿನ ಮೇಲೆ ಕುಸಿದಳು. 'ಅಯ್ಯೋ ಮಾದೇವ, ರೊಟ್ಟಿ ತಟ್ಟಿದಂಗೆ ತಟ್ಬುಟ್ರು ಕಣೋ. ಇನ್ನು ನನ್ ಕೈಲಿ ಆಗಲ್ಲ. ಡಾಕ್ಟ್ರು ಕರೆದ್ರೆ ನೀನೇ ಹೋಗಿ ಕೇಳ್ಕಂಡ್ ಬಾ.'

ಹೆಸರು ಕೂಗಿದಾಗ ನಾನು ಒಳಗೆ ಹೋದೆ. ಕನ್ನಡಕ ಹಾಕಿದ ಒಬ್ಬ ಲೇಡಿ ಡಾಕ್ಟರು ಇದ್ದರು.

'ಪೇಷಂಟ್ ಎಲ್ಲಿ?'

'ಹೊರಗೆ ಕೂತವ್ರೆ ಮೇಡಂ. ನಾನು ತಮ್ಮ.'

'ಅವರನ್ನೇ ಕರೀರಿ. ಅವರಿಗೇ ಹೇಳಬೇಕು.'

'ಸುಸ್ತಾಗವ್ರೆ ಮೇಡಂ. ನನಗೇ ಹೇಳಿ, ನಾನು ಹೇಳ್ತೀನಿ.'

ಹೊರಗೆ ಬಾಗಿಲವರೆಗೂ ಹೆಂಗಸರ ಸಾಲಿತ್ತು. ಡಾಕ್ಟರು ಒಂದು ಕ್ಷಣ ನನ್ನನ್ನು ನೋಡಿ, ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಾನು ಅದನ್ನು ನೋಡಲಿಲ್ಲ. ಅದು ಅಕ್ಕನ ಎದೆಯ ಚಿತ್ರ. ಮೇಜಿನ ಮೇಲಿದ್ದ ಪೆನ್ ಸ್ಟ್ಯಾಂಡನ್ನು ನೋಡುತ್ತ ನಿಂತೆ.

'ಇದರಲ್ಲಿ ಗಂಟು ಅಂತ ಏನೂ ಕಾಣ್ತಿಲ್ಲ' ಎಂದರು ಅವರು. 'ಆದರೆ ನಿಮ್ಮ ಅಕ್ಕನ ಸ್ತನದ ಅಂಗಾಂಶ ತುಂಬಾ ಒತ್ತಾಗಿದೆ. ಅದೇನೂ ಕಾಯಿಲೆ ಅಲ್ಲ, ಎಷ್ಟೋ ಜನಕ್ಕೆ ಹಾಗೇ ಇರುತ್ತೆ. ತೊಂದರೆ ಏನು ಅಂದ್ರೆ, ಕೊಬ್ಬು ಜಾಸ್ತಿ ಇರೋ ಕಡೆ ಚಿತ್ರ ಕಪ್ಪಗೆ ಬರುತ್ತೆ, ಗಂಟಿದ್ರೆ ಬೆಳ್ಳಗೆ ಎದ್ದು ಕಾಣುತ್ತೆ. ಇಲ್ಲಿ ಒತ್ತಾಗಿರೋದೂ ಬಿಳಿ, ಗಂಟೂ ಬಿಳಿ. ಇದ್ರೂ ಮರೆಯಾಗಿರಬಹುದು. ಅದಕ್ಕೇ ಸ್ಕ್ಯಾನಿಂಗೂ ಮಾಡಿಸಿಬಿಡಿ. ಇವತ್ತು ಆಗಲ್ಲ, ಮುಂದಿನ ವಾರ ಕರ್ಕೊಂಡು ಬನ್ನಿ. ಅಷ್ಟರಲ್ಲಿ ಏನಾದರೂ ಬದಲಾವಣೆ ಅನ್ನಿಸಿದ್ರೆ ತಕ್ಷಣ ಬರೋದಕ್ಕೆ ಹೇಳಿ.'

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅವನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದು ಆಮೇಲೆ ಎಷ್ಟೋ ಜನ ನನ್ನ ಪರವಾಗಿ ಮಾತಾಡಿದ್ದಾರೆ. ಸುಳ್ಳು. ನನಗೆ ಪೂರ್ತಿ ಅರ್ಥವಾಗಿತ್ತು. ಬಿಳಿ ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಹಾಕಿದ ಹೊಲಿಗೆಯನ್ನು ಬಿಚ್ಚಬೇಕಾದರೆ ಕಣ್ಣು ಎಷ್ಟು ಕಿರಿದು ಮಾಡಿದರೂ ಕಾಣುವುದಿಲ್ಲ; ಬಟ್ಟೆಯನ್ನು ಬೆಳಕಿಗೆ ಅಡ್ಡ ಹಿಡಿಯಬೇಕು, ಇಲ್ಲವೇ ಬೆರಳಿನಿಂದ ಸವರಿ ಹುಡುಕಬೇಕು. ಕಾಣಲಿಲ್ಲ ಎಂದ ಮಾತ್ರಕ್ಕೆ ಹೊಲಿಗೆ ಇಲ್ಲ ಎಂದಾಗುವುದಿಲ್ಲ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಹೊರಗೆ ಬಂದೆ. ಅಕ್ಕ ಎದ್ದು ನಿಂತಿದ್ದಳು. ಮುಖ ಸಣ್ಣಗಾಗಿತ್ತು.

'ಏನಂತೆ?'

'ಏನೂ ಇಲ್ವಂತೆ' ಎಂದೆ.

ಅಷ್ಟೇ ಹೇಳಿದ್ದು. ಸ್ಕ್ಯಾನಿಂಗಿನ ಮಾತನ್ನು ಮನೆಗೆ ಹೋಗಿ ಹೇಳೋಣ, ನನ್ನ ಹೆಂಡತಿ ಜಯಳ ಬಾಯಲ್ಲಿ ಹೇಳಿಸೋಣ, ಈ ಬೆಂಚಿನ ಮೇಲೆ ಇಷ್ಟು ಜನರ ಮುಂದೆ ಅಕ್ಕನ ಎದುರು ಆ ಪದಗಳನ್ನೆಲ್ಲ ಹೇಗೆ ಆಡುವುದು ಎಂದುಕೊಂಡೆ. ಅವಳು ಎರಡೂ ಕೈ ಎತ್ತಿ ಬೆಟ್ಟದ ದಿಕ್ಕಿಗೆ ಮುಗಿದಳು. ದಾರಿಯಲ್ಲಿ ಗಾಡಿ ನಿಲ್ಲಿಸಿ ಚುರುಮುರಿ ಕೊಡಿಸಿದಳು. 'ಬಾಯಿಗೆ ಬಂದಿದ್ದ ಜೀವ ಈಗ ಕೆಳಗಿಳೀತು ಕಣೋ' ಎಂದು ಖಾರ ನೆತ್ತಿಗೇರಿ ಕೆಮ್ಮುತ್ತ ನಕ್ಕಳು. ಅವಳು ಹಾಗೆ ನಗುವಾಗ ಹೇಳಲಾಗಲಿಲ್ಲ.

ಮುಂದಿನ ವಾರ ವರಮಹಾಲಕ್ಷ್ಮಿ ಹಬ್ಬದ ಬ್ಲೌಸುಗಳು ಬಂದು ಬಿದ್ದವು. ಸಿದ್ಧಾರ್ಥನಗರದ ಒಬ್ಬ ರಿಟೈರ್ಡ್ ಮೇಡಂ ದಿನಾ ಫೋನು: 'ಮಾದೇವ, ಗುರುವಾರ ಸಂಜೆಯೊಳಗೆ ಬರ್ಲಿಲ್ಲ ಅಂದ್ರೆ ಹಳೇ ಬ್ಲೌಸಲ್ಲೇ ಲಕ್ಷ್ಮೀನ ಕೂರಿಸಿ, ಅವಳಿಗೆ ನಿನ್ನ ಹೆಸರು ಹೇಳ್ತೀನಿ!' ಅಕ್ಕ ಬೆಳಗಿನಿಂದ ಸಂಜೆವರೆಗೆ ಅಂಗಡಿಯ ಮೂಲೆಯಲ್ಲಿ ಕೂತು ಹುಕ್ಕು ಹಾಕುತ್ತಿದ್ದಳು. ಅವಳನ್ನು ಅರ್ಧ ದಿನ ಆಸ್ಪತ್ರೆಗೆ ಕಳಿಸಿದರೆ ಕೆಲಸ ನಿಲ್ಲುತ್ತಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ನಿಜ. ಹಬ್ಬ ಕಳೆಯಲಿ ಎಂದುಕೊಂಡೆ. ಹಬ್ಬ ಕಳೆಯಿತು, ಗೌರಿ ಬಂದಳು. ಗೌರಿಯಾದ ಮೇಲೆ ದಸರೆಯ ಸೀರೆಗಳ ಕುಚ್ಚು. ಅಷ್ಟು ಹೊತ್ತಿಗೆ 'ಏನೂ ಇಲ್ಲ' ಎಂದು ನಾನು ಹೇಳಿದ್ದನ್ನು ನಾನೇ ನಂಬಿಬಿಟ್ಟಿದ್ದೆ. ಇದ್ದಿದ್ದರೆ ಅಷ್ಟು ದೊಡ್ಡ ಮಿಷನ್ನಿಗೆ ಕಾಣುತ್ತಿರಲಿಲ್ಲವೇ?

ದಸರೆಯ ಆನೆಗಳು ತಾಲೀಮಿಗೆ ಬೀದಿಯಲ್ಲಿ ನಡೆಯತೊಡಗಿದ್ದವು. ಒಂದು ಮಧ್ಯಾಹ್ನ ಕುಶಾಲತೋಪಿನ ತಾಲೀಮಿನ ಸದ್ದಿಗೆ ಅಂಗಡಿಯ ಗಾಜು ಅದುರಿತು. ಅದೇ ಹೊತ್ತಿಗೆ ಅಕ್ಕ ತನ್ನ ಒಂದು ಬ್ಲೌಸನ್ನು ನನ್ನ ಮೇಜಿನ ಮೇಲೆ ಇಟ್ಟಳು. ಬೇಸಿಗೆಯಲ್ಲಿ ನಾನೇ ಹೊಲಿದುಕೊಟ್ಟಿದ್ದ ನೀಲಿ ಬ್ಲೌಸು.

'ಎಡಗಡೆ ಎಳೀತದೆ ಕಣೋ ಇದು.'

'ಒಗೆದು ಕುಗ್ಗಿರ್ತದೆ.'

'ಬಲಗಡೆ ಸರಿಯಾಗೈತಲ್ಲ. ಒಂದೇ ಪಕ್ಕ ಕುಗ್ತದಾ ಬಟ್ಟೆ?'

ನಾನು ಮಿಷನ್ನಿನಿಂದ ತಲೆ ಎತ್ತಲಿಲ್ಲ. 'ನಾನೇ ಕತ್ತರಿಸೋವಾಗ ಎಡವಟ್ಟು ಮಾಡಿರ್ಬೇಕು. ಬುಡು, ಸರಿ ಮಾಡ್ಕೊಡ್ತೀನಿ.'

ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಏನೋ ಕೇಳುವವಳಂತೆ. ಆಮೇಲೆ ಮೂಲೆಗೆ ಹೋಗಿ ಕುಚ್ಚು ಕಟ್ಟತೊಡಗಿದಳು.

ಎಲ್ಲ ಬ್ಲೌಸಿನಲ್ಲೂ ಪಕ್ಕದಲ್ಲಿ ಒಂದಿಷ್ಟು ಬಟ್ಟೆಯನ್ನು ಒಳಗೆ ಮಡಿಸಿ ಬಿಟ್ಟಿರುತ್ತೇವೆ, ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಲಿ ಎಂದು. ನಾನು ಎಡಪಕ್ಕದ ಹೊಲಿಗೆಯನ್ನು ಬಿಚ್ಚಿ, ಅರ್ಧ ಬೆರಳಗಲ ಸಡಿಲ ಮಾಡಿ ಮತ್ತೆ ಹೊಲಿದೆ. ಇಸ್ತ್ರಿ ಹಾಕಿ ಹಳೆಯ ಹೊಲಿಗೆಯ ಗುರುತೂ ಕಾಣದಂತೆ ಮಾಡಿ ಕೊಟ್ಟೆ. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನವೂ ಆಯಿತು. ಬೇರೆ ಯಾವ ತಮ್ಮನಾಗಿದ್ದರೂ 'ಬ್ಲೌಸು ಎಳೆಯುತ್ತದೆ' ಎಂದರೆ ಟೈಲರ್ ಹತ್ತಿರ ಹೋಗು ಎನ್ನುತ್ತಿದ್ದ. ನಾನೇ ಟೈಲರ್ ಆಗಿದ್ದೆ.

ದೀಪಾವಳಿಯ ನರಕ ಚತುರ್ದಶಿಯ ದಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಎಣ್ಣೆಸ್ನಾನ. ಅಕ್ಕ ಪ್ರತಿ ವರ್ಷ ಬೆಳಿಗ್ಗೆಯೇ ನಮ್ಮಲ್ಲಿಗೆ ಬರುತ್ತಾಳೆ. ಹೆಂಗಸರು ಒಬ್ಬರಿಗೊಬ್ಬರು ಎಣ್ಣೆ ಹಚ್ಚಿ ತಿಕ್ಕುತ್ತಾರೆ. ನಾನು ಹೊರಗೆ ಹಂಡೆಗೆ ಸೌದೆ ನೂಕುತ್ತಿದ್ದೆ. ಬಚ್ಚಲಿನಿಂದ ಇಬ್ಬರ ನಗು ಕೇಳುತ್ತಿತ್ತು. ಆಮೇಲೆ ನಗು ನಿಂತಿತು.

'ಅತ್ತಿಗೆ, ಕೈ ಎತ್ತಿ. ಇದೇನಿದು ಕಂಕುಳತ್ರ? ಹುಣಸೆ ಬೀಜದಂಗೆ ಗಟ್ಟಿಗೈತೆ.'

'ಎಲ್ಲಿ? ಎಣ್ಣೆ ಬಿಸಿ ಆಯ್ತೇನೋ.'

'ಎಣ್ಣೆ ಅಲ್ಲ. ಇಲ್ನೋಡಿ, ಎದೆ ಚರ್ಮಾನೂ ಇಲ್ಲಿ ಒಳಕ್ಕೆ ಎಳ್ಕಂಡೈತೆ. ಎಷ್ಟು ದಿನ ಆಯ್ತು ಅತ್ತಿಗೆ?'

ಅಕ್ಕನ ಉತ್ತರ ನನಗೆ ಕೇಳಿಸಲಿಲ್ಲ. ನಾನು ಸೌದೆ ಕೈಲಿ ಹಿಡಿದುಕೊಂಡೇ ನಿಂತಿದ್ದೆ. ಜಯ ಒದ್ದೆ ಕೈಯಲ್ಲೇ ಹೊರಬಂದು, 'ಹಬ್ಬ ಆಮೇಲೆ. ಮೊದ್ಲು ಗಾಡಿ ತೆಗೀರಿ' ಎಂದಳು.

ಸ್ಕ್ಯಾನಿಂಗ್ ಮಾಡಿದರು. ಸೂಜಿ ಹಾಕಿ ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಕಂಕುಳಿನ ಗಂಟುಗಳಿಗೂ ಮುಟ್ಟಿತ್ತು. ಆ ದಿನವೂ ಅದೇ ಡಾಕ್ಟರು. ಅವರು ನನ್ನನ್ನು ಗುರುತು ಹಿಡಿದರು. ಅಕ್ಕನ ಮುಂದೆ ಏನೂ ಕೇಳಲಿಲ್ಲ. ಅವಳು ರಕ್ತ ಕೊಡಲು ಹೋದಾಗ ನಾನೇ ಕೇಳಿದೆ: 'ಆವತ್ತೇ ಮಾಡಿಸಿದ್ರೆ ಕಾಣ್ತಿತ್ತಾ ಮೇಡಂ?'

'ಕಾಣ್ತಿತ್ತೇನೋ. ಖಂಡಿತವಾಗಿ ಹೇಳೋಕೆ ಆಗಲ್ಲ' ಎಂದರು. 'ನೀವು ಅವರಿಗೆ ಹೇಳಿದ್ರಾ?'

ನಾನು ತಲೆಯಾಡಿಸಿದೆ, ಇಲ್ಲ ಎಂದು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಾರ್ತಿಕದಲ್ಲಿ ಆಪರೇಷನ್ ಆಯಿತು. ಎಡಗಡೆಯದನ್ನು ಪೂರ್ತಿ ತೆಗೆದರು. ಆಮೇಲೆ ಚಳಿಗಾಲವೆಲ್ಲ ಕೀಮೋ. ಭಾವ ಛತ್ರದ ಕೆಲಸ ಬಿಟ್ಟು ಮನೆಯಲ್ಲಿ ನಿಂತರು. ನೂರಾರು ಜನಕ್ಕೆ ಅಡುಗೆ ಮಾಡುತ್ತಿದ್ದವರು ಅವಳೊಬ್ಬಳ ಬಾಯಿಗೆ ಹಿಡಿಸುವ ಗಂಜಿ ಹುಡುಕುವುದರಲ್ಲಿ ಸೋತು ಹೋದರು. 'ಇಷ್ಟು ವರ್ಷದಲ್ಲಿ ಊಟ ಚೆನ್ನಾಗಿಲ್ಲ ಅಂತ ಇವಳೊಬ್ಬಳೇ ಕಣೋ ಹೇಳಿದ್ದು' ಎಂದು ಸೌಟು ಹಿಡಿದುಕೊಂಡು ಕಣ್ಣೊರೆಸಿಕೊಂಡರು.

ಆಸ್ಪತ್ರೆಗೆ ಅವಳನ್ನು ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ಆಪರೇಷನ್ ಆದ ಕಡೆಯ ಕೈಗೆ ಸೂಜಿ ಚುಚ್ಚುವಂತಿಲ್ಲ, ಹಾಗಾಗಿ ಬಲಗೈಗೆ ಡ್ರಿಪ್ಪು. ಕೈ ಸುಮ್ಮನಿಟ್ಟುಕೊಂಡು ಕೂರುವುದು ಅವಳಿಗೆ ದೊಡ್ಡ ಶಿಕ್ಷೆ. ಹೆಬ್ಬೆರಳು, ತೋರುಬೆರಳು ಮಾತ್ರ ಇಲ್ಲದ ಸೂಜಿಯನ್ನು ಹಿಡಿದಂತೆ ಆಡುತ್ತಿದ್ದವು. ತಲೆಗೆ ಟವೆಲು ಸುತ್ತಿದ್ದಳು. ಆ ಬೆರಳುಗಳನ್ನು ನೋಡುತ್ತ ಕೂತಿದ್ದ ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಆವತ್ತು ಡಾಕ್ಟರು ಅವಳನ್ನೇ ಕರೆಯಿರಿ ಎಂದದ್ದು, ನಾನು ಬೇಡವೆಂದದ್ದು, ಸ್ಕ್ಯಾನಿಂಗಿನ ಮಾತು, ವರಮಹಾಲಕ್ಷ್ಮಿಯ ಬ್ಲೌಸುಗಳು, ಎಲ್ಲ ಹೇಳಿದೆ.

ಅಕ್ಕನ ಬೆರಳುಗಳು ಆಡುವುದು ನಿಂತಿತು. ಆಮೇಲೆ ಕೇಳಿದಳು:

'ಎಡಗಡೆ ಎಳೀತದೆ ಅಂತ ಬ್ಲೌಸ್ ತಂದು ನಿನ್ ಮುಂದೆ ಯಾಕಿಟ್ಟೆ, ಗೊತ್ತಾ?'

'ಬಿಗಿ ಆಗಿತ್ತು…'

'ಬಿಚ್ಕಳದು ನಂಗ್ ಬರಲ್ವೇನೋ? ನಿನ್ ಅಂಗ್ಡೀಲಿ ಅದೇ ಕೆಲಸ ಅಲ್ವಾ ನಂದು? ಏನೋ ಆಗೈತೆ ಅಂತ ಅನುಮಾನ ಬಂದಿತ್ತು. ನಿಮ್ ಭಾವನತ್ರ ಹೇಳೋಕೆ ಭಯ, ಎದೆ ಒಡ್ಕತಾರೆ ಅಂತ. ನಿನ್ ಮುಂದೆ ಬಾಯಿಬಿಟ್ಟು ಹೇಳೋಕೆ ನಾಚಿಕೆ. ಬ್ಲೌಸ್ ತೋರ್ಸಿದ್ರೆ ನಿಂಗರ್ಥ ಆಗ್ತದೆ ಅನ್ಕಂಡೆ. ನೀನು ಸಡ್ಲ ಮಾಡ್ಕೊಟ್ಬುಟ್ಟೆ. ಓ, ಇವನೇ ಏನೂ ಇಲ್ಲ ಅಂತವ್ನೆ, ಡಾಕ್ಟ್ರೂ ಏನೂ ಇಲ್ಲ ಅಂದವ್ರೆ ಅಂತ ನಾನೂ ಸುಮ್ನಾಗ್ಬುಟ್ಟೆ.'

ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು.

ಆಸ್ಪತ್ರೆಗೆ ಮಾತ್ರ ನನ್ನ ಜೊತೆಯಲ್ಲೇ ಬರುತ್ತಿದ್ದಳು. ಬೇರೆ ಯಾರಾದರೂ ಬರುತ್ತೇವೆಂದರೆ ಒಪ್ಪುತ್ತಿರಲಿಲ್ಲ. ನನಗೆ ಹೇಳಬೇಕಾದದ್ದನ್ನೆಲ್ಲ ಆಟೋದವನಿಗೆ ಹೇಳುತ್ತಿದ್ದಳು. 'ಪಕ್ಕದಲ್ಲಿ ಕೂತಿರೋರು ನೀರಿನ ಬಾಟ್ಲು ತಂದವ್ರೋ ಇಲ್ವೋ ಒಸಿ ಕೇಳಪ್ಪ.' ಆಟೋದವನು ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಿದ್ದ. 'ತಂದವ್ನಂತೆ ಹೇಳಪ್ಪ' ಎನ್ನುತ್ತಿದ್ದೆ ನಾನು. ಮನೆಗೆ ಬಂದು ಜಯಳಿಗೆ ಇದನ್ನು ಹೇಳಿದರೆ ಅವಳು, 'ಬಾಟ್ಲು ಕೇಳಿದ್ರಲ್ಲ, ಅದಕ್ಕೆ ಸಂತೋಷಪಡಿ' ಎಂದಳು.

ಕೀಮೋ ಮುಗಿಯಿತು, ಕರೆಂಟು ಎನ್ನುವ ರೇಡಿಯೇಷನ್ ಕೊಡುವುದೂ ಮುಗಿಯಿತು. ಬೇಸಿಗೆಯ ಒಂದು ದಿನ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಅಕ್ಕ ಬಂದಳು. ತಲೆಯಲ್ಲಿ ಕರಿಕೂದಲು ಎಳೆಹುಲ್ಲಿನಂತೆ ಬಂದಿತ್ತು. ಬಾಗಿಲು ಮುಂದೆ ಮಾಡಿ, ಸೆರಗನ್ನು ಭುಜದ ಮೇಲೆ ಬಿಗಿದುಕೊಂಡು ನಿಂತಳು.

'ಹಳೇ ಬ್ಲೌಸ್ ಯಾವ್ದೂ ಇನ್ನು ಅಳತೆಗೆ ಬರಲ್ಲ. ಟೇಪು ತಗೋ.'

ಎಷ್ಟೋ ದಿನದ ಮೇಲೆ ಅವಳು ನೇರವಾಗಿ ನನಗೆ ಹೇಳಿದ ಮಾತು ಅದು. ನಾನು ಟೇಪು ತೆಗೆದುಕೊಂಡೆ. ಇಷ್ಟು ವರ್ಷದ ಕಸುಬಿನಲ್ಲಿ ಮೊದಲ ಸಲ ಒಬ್ಬ ಹೆಂಗಸಿನ ಮೈಗೆ ಟೇಪು ಹಿಡಿದೆ. ಎಡಗಡೆ ಚಪ್ಪಟೆಯಾಗಿತ್ತು. ಬಟ್ಟೆಯ ಮೇಲಿಂದಲೇ ಗಾಯದ ಏರು ಬೆರಳಿಗೆ ಸಿಕ್ಕಿತು. ಟೇಪು ಕೈಯಿಂದ ಜಾರಿತು.

'ಹಿಂಗೆ ನಡುಗ್ತಾ ಅಳತೆ ತಗಂಡ್ರೆ ಬ್ಲೌಸೂ ನಡುಗ್ತದೆ ಕಣೋ' ಎಂದಳು.

'ನೋವಾಯ್ತಾ ಅಕ್ಕ?'

'ಅಲ್ಲಿ ಏನೂ ಗೊತ್ತಾಗಲ್ಲ. ಬಿಗಿಯಾಗೇ ಹಿಡಿ.'

ಎಡಗಡೆಗೆ ಒಳಗೊಂದು ಜೇಬು ಇಟ್ಟು ಹೊಲಿದೆ. ಅದಕ್ಕೆ ತೂರಿಸಲು ಮೆತ್ತನೆಯ ಒಂದು ದಿಂಬು ಮಾಡಿದೆ. ಬರೀ ಹತ್ತಿಯಾದರೆ ತೂಕವಿಲ್ಲದೆ ಬ್ಲೌಸು ಒಂದು ಕಡೆ ಮೇಲೇರುತ್ತದೆ. ಅದಕ್ಕೆ ನಡುವೆ ಒಂದಿಷ್ಟು ಸಾಸಿವೆ ಸೇರಿಸಿದೆ. ಹಾಕಿಕೊಂಡು ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿದಳು. 'ಸಾಸಿವೇನಾ? ಬಿಸಿಲಿಗೆ ನಿಂತ್ರೆ ಒಗ್ಗರಣೆ ಆಗೋಗ್ತದಲ್ಲೋ!' ಎಂದಳು. ನಾನು ನಗಲು ಹೋಗಿ ಅತ್ತುಬಿಟ್ಟೆ. ಅವಳು ತಡೆಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ನನ್ನ ಅಳು ಮುಗಿಯುವವರೆಗೆ ಕೂತಿದ್ದು, ಹೋಗುವಾಗ ಹುಕ್ಕು ಹಾಕಬೇಕಾದ ನಾಲ್ಕಾರು ಬ್ಲೌಸುಗಳನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಕ್ಷಮಿಸಿದ್ದಾಳೆಂದು ನಾನು ತಿಳಿದುಕೊಂಡಿಲ್ಲ. ಆ ಮಾತನ್ನು ಅವಳು ಆಡಿಲ್ಲ, ನಾನು ಕೇಳಿಲ್ಲ.

ಆಷಾಢದಲ್ಲಿ ತಪಾಸಣೆಗೆ ಕರೆದಿದ್ದರು. ಈಗ ಭಯ ಉಳಿದ ಬಲಗಡೆಯದು. ಅದೂ ಹಾಗೆಯೇ ಒತ್ತಾದದ್ದು. ಮತ್ತೆ ಮ್ಯಾಮೋಗ್ರಾಂ ಆಯಿತು. ಹೆಸರು ಕೂಗಿದರು. ನಾನು ಎದ್ದೆ. ಅಕ್ಕನೂ ಎದ್ದಳು. 'ನಡಿ' ಎಂದಳು.

ಡಾಕ್ಟರು ಪರದೆ ತಿರುಗಿಸಿದರು. ಈ ಸಲ ನಾನು ನೋಡಿದೆ. ಬೆಳಗಿನ ಮಂಜು ಕವಿದ ಮೈದಾನದ ಹಾಗೆ ಇಡೀ ಚಿತ್ರ ಬೆಳ್ಳಗಿತ್ತು.

'ಇದರಲ್ಲಿ ಏನೂ ಕಾಣ್ತಿಲ್ಲ' ಎಂದರು ಡಾಕ್ಟರು.

'ಮೇಡಂ, ಇದೂ ಹಂಗೇ ಬೆಳ್ಳಗೈತೆ' ಎಂದೆ. 'ಅಕ್ಕನ ಬಲಮೊಲೆಯೊಳಗೆ ಇದಕ್ಕೆ ಕಾಣದೇ ಇರೋದು ಇದ್ರೂ ಇರಬಹುದಲ್ವಾ?'

ಆ ಪದ ನನ್ನ ಬಾಯಿಂದ ಹೊರಬಿದ್ದಾಗ ಅಕ್ಕ ತಲೆ ತಗ್ಗಿಸಲಿಲ್ಲ. ಡಾಕ್ಟರು, 'ಇರಬಹುದು. ಅದಕ್ಕೇ ಇವತ್ತೇ ಸ್ಕ್ಯಾನಿಂಗ್ ಮಾಡ್ತೀವಿ. ಸ್ವಲ್ಪ ಕಾಯಬೇಕು' ಎಂದರು.

'ಕಾಯ್ತೀವಿ' ಎಂದಳು ಅಕ್ಕ.

ಕಾದೆವು. ಸ್ಕ್ಯಾನಿಂಗ್ ಮಾಡಿದರು. ಮತ್ತೆ ಇಬ್ಬರೂ ಒಳಗೆ ಹೋಗಿ ಕೂತು, ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಹೊರಬಂದೆವು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅಕ್ಕ ನಿಂತುಬಿಟ್ಟಳು.

'ಡಾಕ್ಟ್ರು ಏನಂದ್ರು, ಹೇಳು.'

'ನೀನೂ ಅಲ್ಲೇ ಇದ್ದೆಯಲ್ಲಕ್ಕ.'

'ಇದ್ದೆ. ನೀನ್ ಹೇಳು, ಮೊದಲಿಂದ.'

ಜನ ನಮ್ಮನ್ನು ಬಳಸಿಕೊಂಡು ಹತ್ತಿ ಇಳಿಯುತ್ತಿದ್ದರು. ನಾನು ಗೋಡೆಯ ಪಕ್ಕಕ್ಕೆ ಸರಿದು ನಿಂತು ಮೊದಲಿನಿಂದ ಹೇಳಿದೆ. ಮ್ಯಾಮೋಗ್ರಾಂನಲ್ಲಿ ಏನೂ ಕಾಣಲಿಲ್ಲ. ಅಂಗಾಂಶ ಒತ್ತಾಗಿರುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಸ್ಕ್ಯಾನಿಂಗಿನಲ್ಲೂ ಸದ್ಯಕ್ಕೆ ಏನೂ ಇಲ್ಲ. ಆರು ತಿಂಗಳಿಗೆ ಮತ್ತೆ ಬರಬೇಕು.

'ಇನ್ನೊಂದು ಅಂದ್ರು' ಎಂದಳು ಅಕ್ಕ, ನನ್ನನ್ನೇ ನೋಡುತ್ತ.

ನಾನು ನೆನಪು ಮಾಡಿಕೊಂಡೆ.

'ಅಷ್ಟರಲ್ಲಿ ಏನಾದ್ರೂ ಬದಲಾವಣೆ ಅನ್ಸಿದ್ರೆ ಆರು ತಿಂಗಳು ಅಂತ ಕಾಯ್ಬೇಡಿ, ತಕ್ಷಣ ಬನ್ನಿ ಅಂದ್ರು.'

'ಹ್ಞೂಂ' ಎಂದಳು. ಆಮೇಲೆ ನನ್ನ ತೋಳು ಹಿಡಿದುಕೊಂಡು ಮೆಟ್ಟಿಲು ಇಳಿಯತೊಡಗಿದಳು.